ಎಲೆಯ ಮೇಲೆ ಬಡಿಸಿದ ಕಾರು

ನಿಮ್ಮ ತಾತನ ತಂಗಿ, ಎಂದರೆ ನನ್ನ ನಾದಿನಿ, ಮನೆಗೆ ಬರುತ್ತಾಳೆಂದು ತಿಳಿದರೆ ಸಾಕು ಮಕ್ಕಳೇ, ಮನೆಯ ಸ್ಕ್ರೂಗಳೆಲ್ಲ ತಾವಾಗಿಯೇ ಬಿಗಿಯಾಗುತ್ತವೆ! ಅಲುಗಾಡುವ ವಸ್ತುವನ್ನು ಕಂಡರೆ ಅವಳಿಗೆ ಅನ್ನ ಸೇರುವುದಿಲ್ಲ. ಮಗಳಿಗಾಗಿ ಗಂಡಿನ ಮನೆ ನೋಡಲು ಹೋದಾಗ ಎಲ್ಲರೂ ಕೇಸರಿಬಾತು ತಿನ್ನುತ್ತಿದ್ದರೆ ಇವಳು ಮೇಜಿನ ಕೆಳಗೆ! "ಕಾಲು ಅಲ್ಲಾಡ್ತಿದೆ ಕಣ್ರೀ, ಒಂದು ಸ್ಪ್ಯಾನರ್ ಇದ್ರೆ ಕೊಡಿ" ಎಂದು ಬೀಗರಾಗಬೇಕಾದವರನ್ನೇ ಓಡಾಡಿಸಿದಳು. ಇವತ್ತಿಗೂ ಆ ಮೇಜು ಅಲ್ಲಾಡಿಲ್ಲ. ಮದುವೆಯೂ ಅಲ್ಲಾಡಿಲ್ಲ!

ಅವಳು ಶಾಲೆಯಲ್ಲಿ ಹೊಲಿಗೆ ಟೀಚರಾಗಿದ್ದವಳು. ಹೊಲಿಗೆ ಯಂತ್ರಕ್ಕೂ ಕಾರಿಗೂ ಏನೇ ಸಂಬಂಧ ಎಂದು ನಾನೊಮ್ಮೆ ಕೇಳಿದ್ದೆ. "ಎರಡಕ್ಕೂ ಎಣ್ಣೆ ಬೇಕು, ಎರಡನ್ನೂ ಕಾಲಲ್ಲಿ ಒತ್ಬೇಕು. ಇನ್ನೇನ್ ವ್ಯತ್ಯಾಸ ಅತ್ತಿಗೆ?" ಎಂದಳು.

ತಾತನ ಬಿಳಿ ಕಾರು ನಿಮಗೆ ನೆನಪಿದೆಯಲ್ಲ? ಅವರು ಹೋದ ಮೇಲೆ ನಿಮ್ಮಪ್ಪ ಆಗಾಗ ಕಾರಿನ ಬಾಗಿಲಲ್ಲಿ ನಿಂತೇ ಕೀ ತಿರುಗಿಸಿ, ಸ್ವಲ್ಪ ಹೊತ್ತು ಇಂಜಿನ್ ಓಡಿಸಿ ಆರಿಸುತ್ತಿದ್ದ. ಒಂದು ದಿನ ಅದು ಏನು ಮಾಡಿದರೂ ಹೊತ್ತಿಕೊಳ್ಳಲಿಲ್ಲ. "ಗುಜರಿಗೆ ಕೊಟ್ಬಿಡೋಣ್ವಾ ಅಮ್ಮ? ಭಾನುವಾರ ಬಂದು ಎಳ್ಕೊಂಡು ಹೋಗ್ತಾರೆ" ಎಂದ. "ಆಗಲಪ್ಪಾ" ಎಂದೆ. ಹಳ್ಳಿ ಶಾಲೆಯಲ್ಲಿ ಮೇಷ್ಟ್ರು ಏನು ಕೇಳಿದರೂ ತಲೆಯಾಡಿಸಿ ಬೆಳೆದವಳು ನಾನು. 'ಬೇಡ' ಎನ್ನುವ ಮಾತು ಗಂಟಲಿನಿಂದ ಮೇಲೆ ಬಂದರಲ್ಲವೇ!

ಆ ವಾರ ನಾದಿನಿ ಯಾದವಗಿರಿಯಿಂದ ಸ್ಕೂಟರಿನಲ್ಲಿ ಬಂದಾಗ ನಾನು ಕಾರಿನ ಎಡಗಡೆ ಸೀಟಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಯಾಕೆ ಇಲ್ಲಿ ಎಂದು ಅವಳು ಕೇಳಲಿಲ್ಲ. ಭಾನುವಾರ ಗುಜರಿಯವನು ಬರುವುದನ್ನು ನಾನೇ ಹೇಳಿದೆ. ಹಿಂದಿನ ಸೀಟಿಗೆ ಕಿವಿಯಾನಿಸಿ, "ಕೀ ತಿರುಗ್ಸಿ ಅತ್ತಿಗೆ" ಎಂದಳು. ತಿರುಗಿಸಿದೆ. "ಈ ಸೀಟಿನಡಿ ಗುಂಯ್ ಅನ್ಬೇಕಿತ್ತು, ಅಂತಿಲ್ಲ. ಟ್ಯಾಂಕೊಳಗಿನ ಪಂಪು ಕೆಟ್ಟಿದೆ, ಪೆಟ್ರೋಲು ಇಂಜಿನ್ನಿಗೆ ಹೋಗ್ತಾ ಇಲ್ಲ ಅಷ್ಟೆ. ಗಾಡಿ ಗುಂಡುಕಲ್ಲಿದ್ದಂಗೆ ಇದೆ! ಗುಜರಿಗೆ ಯಾಕೆ?"

ಅದೇ ಸ್ಕೂಟರಿನಲ್ಲಿ ನನ್ನನ್ನು ಕೂರಿಸಿಕೊಂಡು ಬಿಡಿಭಾಗದ ಅಂಗಡಿಗೆ ಹೊರಟಳು. ಅಂಗಡಿಯವನು ನಮ್ಮಿಬ್ಬರನ್ನೂ ನೋಡಿ, "ಗಾಡಿ ಯಜಮಾನ್ರು ಬಂದಿಲ್ವಾ ಅಮ್ಮ?" ಎಂದ. ನಾನು ಸೆರಗು ಎಳೆದುಕೊಂಡು ಅವಳ ಹಿಂದೆ ಸರಿದೆ. ಅವಳು ನನ್ನ ರಟ್ಟೆ ಹಿಡಿದು ಮುಂದಕ್ಕೆ ತಂದು, "ಇವ್ರೇ ಕಣಪ್ಪ ಯಜಮಾನ್ರು. ಪಂಪು, ಫಿಲ್ಟರು, ರಬ್ಬರ್ ರಿಂಗು ಕೊಡು" ಎಂದಳು.

ಶನಿವಾರ ಬೆಳಿಗ್ಗೆ ಬಂದವಳು ಮೊದಲು ಮಾಡಿದ್ದು ನನ್ನ ಅಡುಗೆಮನೆಯ ಗ್ಯಾಸು ಮುಚ್ಚಿದ್ದು! ಪೆಟ್ರೋಲು ತೆರೆದಿಡುವಾಗ ಮನೆಯಲ್ಲಿ ಕಿಡಿ ಇರಬಾರದಂತೆ. ದೇವರ ಮುಂದಿನ ಊದುಬತ್ತಿಯನ್ನೂ ಆರಿಸಿದಳು. ನನಗೆ ಕಾಫಿಯಿಲ್ಲ. ಬ್ಯಾಟರಿಯ ವೈರು ಬಿಚ್ಚಿ, ಹಿಂದಿನ ಸೀಟನ್ನು ಎತ್ತಿ, "ಜಗಲಿ ಮೇಲೆ ಬಾಳೆಲೆ ಹಾಕಿ ಅತ್ತಿಗೆ" ಎಂದಳು.

ಇದು ಅವಳ ಪದ್ಧತಿ. ಮೊದಲು ಬಿಚ್ಚಿದ ಸ್ಕ್ರೂ ಉಪ್ಪಿನ ಜಾಗಕ್ಕೆ, ಆಮೇಲಿನದು ಉಪ್ಪಿನಕಾಯಿಯ ಜಾಗಕ್ಕೆ, ಕ್ಲಿಪ್ಪುಗಳು ಕೋಸಂಬರಿ, ವಾಷರುಗಳು ಪಲ್ಯ. ಜೋಡಿಸುವಾಗ ಪಲ್ಯದಿಂದ ಉಪ್ಪಿನವರೆಗೆ ಹಿಂದಕ್ಕೆ ಬಂದರೆ ಮುಗಿಯಿತು! "ಎಲೆ ಮೇಲೆ ಬಡಿಸಿದ್ದು ಯಾವ ಹೆಂಗಸಿಗೆ ಮರ್ತೋಗುತ್ತೆ ಹೇಳಿ?" ಎನ್ನುತ್ತಾಳೆ.

ಫಿಲ್ಟರು ಬದಲಿಸಲು ಕಾರಿನ ಕೆಳಗೆ ಮಲಗಿದಳು. ನಮ್ಮ ಗೋಕುಲಂ ಬಡಾವಣೆಯಲ್ಲಿ ಯೋಗ ಕಲಿಯಲು ಬಂದ ವಿದೇಶೀ ಹೆಂಗಸೊಬ್ಬಳು ಗೇಟಿನಿಂದ ಇಣುಕಿ, ಹೊರಗೆ ಚಾಚಿದ್ದ ಎರಡು ಕಾಲುಗಳಿಗೆ ಭಕ್ತಿಯಿಂದ ಕೈಮುಗಿದು ಹೋದಳು. ಯಾವ ಆಸನವೆಂದುಕೊಂಡಳೋ! ಹಳೆಯ ಫಿಲ್ಟರಿನಿಂದ ಕರ್ರಗೆ ಸುರಿದದ್ದು ಥೇಟ್ ಡಿಕಾಕ್ಷನ್. ಬೆಳಿಗ್ಗೆಯಿಂದ ಕಾಫಿ ಕಾಣದ ನಾನು ಅದನ್ನೇ ಆಸೆಯಿಂದ ನೋಡಿದೆ!

ಹೊಸ ಪಂಪನ್ನು ಟ್ಯಾಂಕಿಗೆ ಇಳಿಸಿ ಮುಚ್ಚಳ ಕೂರಿಸಿದ ಮೇಲೆ, ಸೋಪಿನಲ್ಲಿ ಕೈ ತಿಕ್ಕಿ ತೊಳೆದು ಜಗಲಿಗೆ ಬಂದಳು. ಒಲೆ ಹಚ್ಚುವಂತಿಲ್ಲವಲ್ಲ, ಇನ್ನೊಂದು ಎಲೆಯಲ್ಲಿ ಮೊಸರವಲಕ್ಕಿ ಹಾಕಿಕೊಟ್ಟೆ. ತಿನ್ನುತ್ತಿರುವಾಗ ನಿಮ್ಮಪ್ಪನ ಫೋನು. ಗುಜರಿಯವನು ನಾಳೆಯಲ್ಲ, ಇನ್ನೊಂದು ಗಂಟೆಯಲ್ಲೇ ಬರುತ್ತಾನಂತೆ! "ಬರ್ಲಿ ಬುಡಿ" ಎಂದವಳೇ ಗಡಿಬಿಡಿಯಲ್ಲಿ ಎದ್ದು, ಎಲೆ ಮಡಿಸಿ, ಕಾಂಪೌಂಡಿನಾಚೆ ಸದಾ ನಿಲ್ಲುವ ಹಸುವಿಗೆ ಎಸೆದಳು.

ಝಣ್!

"ಅವಲಕ್ಕಿ ಯಾಕತ್ತಿಗೆ ಝಣ್ ಅಂತು?"

ನಾನು ಅವಲಕ್ಕಿಯನ್ನು ಅಷ್ಟು ಗಟ್ಟಿಯಾಗಿ ಕಲಸಿರಲಿಲ್ಲ! ತಿರುಗಿ ನೋಡಿದರೆ ಅವಲಕ್ಕಿಯ ಎಲೆ ಜಗಲಿಯಲ್ಲೇ ಇದೆ. ಹೋದದ್ದು ಸ್ಕ್ರೂಗಳ ಎಲೆ!

ಸೆರಗು ಸರಿಮಾಡಿಕೊಳ್ಳದೆ ಗೇಟು ದಾಟದ ನಾನು ಅವತ್ತು ಬರಿಗಾಲಲ್ಲಿ ಓಡಿದೆ. ಹಸು ಆಗಲೇ ಎಲೆಯ ತುದಿಯನ್ನು ಬಾಯಿಗೆ ಹಾಕಿಕೊಂಡಿತ್ತು. "ಬಿಡೇ! ಅದು ನನ್ನ ಕಾರು!" ಎಂದು ನಡುಬೀದಿಯಲ್ಲಿ ಕೂಗಿ ಎಲೆ ಕಿತ್ತುಕೊಂಡೆ. ಇಬ್ಬರೂ ಮಂಡಿಯೂರಿ ಧೂಳಿನಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿಯೆಲ್ಲವನ್ನೂ ಆರಿಸಿದೆವು. ಯಾವುದೂ ತಪ್ಪಿಹೋಗಿರಲಿಲ್ಲ. ಹಸುವಿಗೆ ಅವಲಕ್ಕಿ ಸಂದಾಯವಾಯಿತು.

ಗುಜರಿಯವನು ಗೇಟು ತೆಗೆಯುವ ಹೊತ್ತಿಗೆ ಅವಳು ಕೊನೆಯ ಸ್ಕ್ರೂ ಬಿಗಿದು, ಬ್ಯಾಟರಿ ಜೋಡಿಸಿ, "ಹೂಂ, ತಿರುಗ್ಸಿ" ಎಂದಳು. ತಿರುಗಿಸಿದೆ. ಹಿಂದಿನ ಸೀಟಿನಡಿಯಿಂದ ಗುಂಯ್! ಇನ್ನಷ್ಟು ತಿರುಗಿಸಿದೆ. ಇಂಜಿನ್ ಒಮ್ಮೆ ಕೆಮ್ಮಿತು, ಎರಡನೆಯ ಸಲ ಹೊತ್ತಿಕೊಂಡಿತು.

"ಗಾಡಿ ಚೆನ್ನಾಗೇ ಐತಲ್ಲಮ್ಮ?" ಎಂದು ಗುಜರಿಯವನು ಪೆಚ್ಚಾದ.

"ಬಂದೋರು ಬರಿಗೈಲಿ ಹೋಗ್ಬಾರ್ದು ಕಣಪ್ಪ" ಎಂದು ಅವಳು ಹಳೆಯ ಪಂಪನ್ನು ಅವನ ಕೈಗಿಟ್ಟಳು.

ಆಮೇಲೆ ಅವಳು ತಾತನ ಸೀಟಿನಲ್ಲಿ ಕೂತಳು. ತಾತ ಎಷ್ಟು ಉದ್ದ, ಇವಳು ಎಷ್ಟು ಗಿಡ್ಡ! ಕಾಲು ಪೆಡಲಿಗೆ ಎಟುಕಲೇ ಇಲ್ಲ.

"ಸೀಟು ಮುಂದಕ್ಕೆ ಎಳ್ಕೊಳ್ಳೇ, ಕೆಳಗಡೆ ಹಿಡಿ ಇದೆ" ಎಂದೆ.

ಅವಳು ಬಗ್ಗಿ ಹಿಡಿಯ ಮೇಲೆ ಕೈಯಿಟ್ಟಳು. ಕಂಡದ್ದನ್ನೆಲ್ಲ ತಿರುಗಿಸುವ ಕೈ ಅದು. ಸುಮ್ಮನೆ ಅಲ್ಲೇ ನಿಂತಿತು.

"ಬೇಡ ಬುಡಿ ಅತ್ತಿಗೆ. ಅಣ್ಣ ಇಟ್ಕೊಂಡಿದ್ದಂಗೇ ಇರ್ಲಿ. ಎರಡು ದಿಂಬು ತಗೊಂಬನ್ನಿ."

ತಂದೆ. ಬೆನ್ನಿಗೆ ಎರಡನ್ನೂ ಒತ್ತಿಕೊಂಡು, ಸ್ಟೀರಿಂಗಿಗೆ ಮೂಗು ತಾಗುವಂತೆ ಕೂತಳು. ನಾನು ಎಡಗಡೆಯ ನನ್ನ ಜಾಗದಲ್ಲಿ ಕೂತೆ.

"ಎಲ್ಲಿಗೆ?" ಎಂದಳು.

ಎಲ್ಲಾದರೂ ಸರಿ ಎನ್ನಬೇಕಿತ್ತು, ನನ್ನ ಅಭ್ಯಾಸ ಅದು.

"ಮಂಡಕಳ್ಳಿಗೆ" ಎಂದೆ. "ವಿಮಾನ ಇಳಿಯೋದು ತೋರ್ಸೋರು ನಿಮ್ಮಣ್ಣ."