ಫೋನಿನಲ್ಲಿ ನಾನು ಮಲ್ಲಿನಾಥ

ಸರ್ಕಾರ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಕುರ್ಚಿಯಿಂದ ಎದ್ದು ನಿಲ್ಲುವ ಪೈಕಿ ನಾನು. ಸರ್ಕಾರ ಎದುರಿಗೇ ಇರಬೇಕೆಂದಿಲ್ಲ, ತಂತಿಯ ಆ ತುದಿಯಲ್ಲಿದ್ದರೂ ನಡೆದೀತು. ಆಳಂದದ ನಮ್ಮ ಕಚೇರಿಗೆ ಹೊಸದಾಗಿ ಫೋನು ಬಂದಾಗ ನಾನು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡೇ ರಿಸೀವರ್ ಎತ್ತುತ್ತಿದ್ದೆ. ನಮ್ಮ ಕಡೆ ಮನೆಗೆ ಬಂದವರಿಗೆ ಒಂದು ತಂಬಿಗೆ ನೀರು ಕೊಟ್ಟು, ಅವರು ಅದನ್ನು ಕುಡಿದು ಮುಗಿಸುವುದರೊಳಗೆ ಯಾವ ಊರು, ಯಾರ ಪೈಕಿ, ಸೋದರಮಾವ ಎಲ್ಲಿಯವನು ಎಂದು ಪೂರ್ತಿ ತಪಾಸಣೆ ಮುಗಿಸುತ್ತೇವೆ. ಫೋನಿನೊಳಗಿಂದ ಬಂದವನಿಗೆ ಮಾತ್ರ ಈ ತಪಾಸಣೆ ಇರಲಿಲ್ಲ. ದೊಡ್ಡ ಆಫೀಸು ಎಂದವನು ದೊಡ್ಡ ಆಫೀಸಿನವನೇ.

ಆಗ ನನ್ನ ಮದುವೆಯ ಮಾತು ನಡೆದಿತ್ತು. ಹುಡುಗಿ ಭೀಮಾ ದಂಡೆಯ ಮಣ್ಣೂರಿನವಳು. ನೋಡಲು ಹೋದಾಗ ನಾನು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಕುಡಿದ ಚಹಾ ಮೀಸೆಗೆ ಅಂಟಿದ್ದನ್ನು ಕಂಡು ಆಕೆ ಸೆರಗಿನ ಮರೆಯಲ್ಲಿ ಕಿಸಕ್ಕನೆ ನಕ್ಕಳು. ಅಷ್ಟೇ. ನಾನು ಮನಸೋತೆ. ತಿಂಗಳುಗಟ್ಟಲೆ ಆ ನಗು ನನ್ನ ಕಿವಿಯಿಂದ ಹೋಗಲಿಲ್ಲ. ಹಿರಿಯರಿಗೂ ಒಪ್ಪಿಗೆಯಿತ್ತು, ಆದರೆ ವ್ಯಾಪಾರಕ್ಕೆಂದು ಹೊರಗೆ ಹೋಗಿದ್ದ ಹುಡುಗಿಯ ಸೋದರಮಾವ ಬಂದು ವಿಚಾರಿಸಿ ಹೂಂ ಅನ್ನಬೇಕಿತ್ತು. ಅವನ ಮಾತಿಲ್ಲದೆ ಆ ಮನೆಯಲ್ಲಿ ಹುಲ್ಲುಕಡ್ಡಿಯೂ ಅಲ್ಲಾಡದಂತೆ.

ಹೀಗಿರುವಾಗ ಒಂದು ಮಧ್ಯಾಹ್ನ ಫೋನು ಬಂತು. ಪಕ್ಕದ ಮೇಜಿನ ಮಲ್ಲಿನಾಥ ಚಹಾಕ್ಕೆ ಹೋಗಿದ್ದ, ಕಚೇರಿಯಲ್ಲಿ ನಾನೊಬ್ಬನೇ.

"ಗುಲ್ಬರ್ಗಾ ದೊಡ್ಡ ಆಫೀಸಿನಿಂದ ಮಾತಾಡಾಕತ್ತೇವಿ. ನಿಮ್ಮಲ್ಲಿ ಶಿವಶರಣಪ್ಪ ಅಂತ ಗುಮಾಸ್ತ ಅದಾನಲ್ಲ, ಅವನ ಬಗ್ಗೆ ಗುಪ್ತ ವಿಚಾರಣಿ ಅದ. ನೀವ್ಯಾರು?"

ಶಿವಶರಣಪ್ಪ ಅಂದರೆ ನಾನೇ. ಗುಪ್ತ ವಿಚಾರಣೆ ಅಂದಮೇಲೆ ಅವನೇ ನಾನು ಎನ್ನುವುದು ಹೇಗೆ? ಎದ್ದು ನಿಂತು, "ನಾ ಮಲ್ಲಿನಾಥ್ರೀ ಸಾಹೇಬ್ರ" ಎಂದುಬಿಟ್ಟೆ.

"ಚಟಗಿಟ ಏನರ ಅದಾವೇನು ಅವಗ?"

"ಚಹಾ ಸೈತ ಮುಟ್ಟಂಗಿಲ್ರಿ."

"ಸಿಟ್ಟು?"

"ಹಂಗಂದ್ರೇನಂತ ಅವರಿಗಿ ಗೊತ್ತಿಲ್ರಿ."

"ತಾಯಿ ಸ್ವಭಾವ ಹೆಂಗ?"

ಇಲ್ಲಿ ನನಗೆ ಸಂಶಯ ಬರಬೇಕಿತ್ತು. ಗುಮಾಸ್ತನ ತಾಯಿಯ ಸ್ವಭಾವ ಕಟ್ಟಿಕೊಂಡು ಸರ್ಕಾರಕ್ಕೆ ಏನಾಗಬೇಕು? ಆದರೆ ನಾನು, ಕೊನೆಗೂ ಸರ್ಕಾರಕ್ಕೆ ನೌಕರರ ಮನೆಯ ಕಷ್ಟ ತಿಳಿಯಿತಲ್ಲ ಎಂದು ಸಂತೋಷಪಟ್ಟೆ. "ಆಕಳಂಥಾಕಿ ರೀ" ಎಂದೆ. ಆ ದನಿಯ ಹಿಂದೆ ಯಾರೋ ತೊಗರಿಯ ದರ ಕೂಗುತ್ತಿದ್ದುದೂ ಕೇಳಿಸಿತು. ದೊಡ್ಡ ಆಫೀಸಿನವರೂ ಬೇಳೆ ಉಣ್ಣಬೇಕಲ್ಲ ಎಂದುಕೊಂಡೆ. ಮುಂದೆ ಅವರು ಕೇಳದಿದ್ದರೂ ಹೇಳುತ್ತ ಹೋದೆ. ಶಿವಶರಣಪ್ಪನವರ ಅಕ್ಷರ, ಆಚಾರ, ತಾಳ್ಮೆ ಯಾವುದನ್ನೂ ಬಿಡಲಿಲ್ಲ. "ಇಂಥಾ ಶರಣರು ಈಗಿನ ಕಾಲಕ್ಕ ಹುಟ್ಟಂಗಿಲ್ರಿ ಸಾಹೇಬ್ರ" ಎಂದು ಮುಗಿಸುವಾಗ ನನಗೇ ಕಣ್ಣು ತುಂಬಿ ಬಂದಿತ್ತು. ಬಡ್ತಿ ಗ್ಯಾರಂಟಿ ಅನ್ನಿಸಿತು.

ವಾರದೊಳಗೆ ಒಬ್ಬ ಹಿರಿಯರು ಕಚೇರಿಗೆ ಬಂದರು. ಬಿಳಿ ಧೋತರ, ರುಮಾಲು, ಹೆಗಲ ಮೇಲೆ ದಲಾಲರ ಅಡತಿ ಅಂಗಡಿಯ ತೊಗರಿ ಧೂಳು. ಮಣ್ಣೂರಿನ ಹುಡುಗಿಯ ಸೋದರಮಾವ ಎಂದು ಪರಿಚಯ ಹೇಳಿಕೊಂಡು, "ಮಲ್ಲಿನಾಥ ಅಂದ್ರ ಯಾರ್ರಿ?" ಎಂದರು. ಆ ದೊಡ್ಡ ಆಫೀಸಿನ ದನಿಯೇ. ಬಡ್ತಿ ಹೋದರೆ ಹೋಯಿತು, ಮದುವೆಯಾದರೂ ಗಟ್ಟಿಯಾಯಿತಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ. ಅವರು ಮಾತ್ರ ಮಲ್ಲಿನಾಥನ ಎದುರು ಕುಳಿತು ಯಾವ ಊರು, ಯಾರ ಪೈಕಿ ಎಂದು ವಿಚಾರಿಸತೊಡಗಿದರು. ಮಲ್ಲಿನಾಥ ಮಾತನ್ನು ತುಪ್ಪದ ಹಾಗೆ ಬಳಸುವವನು. ಎರಡು ಉತ್ತರ ಕೊಟ್ಟು ತಲೆ ತಗ್ಗಿಸಿದ. ಹಿರಿಯರಿಗೆ ಅದು ವಿನಯವಾಗಿ ಕಂಡಿತು.

ಆಮೇಲೆ ನನ್ನನ್ನು ಹೊರಗೆ ಬೇವಿನ ಗಿಡದ ಕೆಳಗೆ ಕರೆದೊಯ್ದರು.

"ತಪ್ಪು ತಿಳಕೋಬ್ಯಾಡ್ರಿ ತಮ್ಮಾ. ಸರ್ಕಾರದ ಹೆಸರು ಹೇಳಿದ್ರ ಮಂದಿ ಖರೇ ಹೇಳ್ತಾರಂತ ನಾನೇ ಫೋನ್ ಮಾಡಿದ್ದೆ, ನಿಮ್ಮ ವಿಚಾರಣಿಗಿ. ಆದ್ರ ಆ ಮಲ್ಲಿನಾಥ ಹೆಂಥಾ ಮನಷ್ಯಾ ರೀ. ಜೋಡಿ ಕೆಲಸ ಮಾಡಾವನ ಮ್ಯಾಲ ಒಂದು ಹೊಟ್ಟಿಕಿಚ್ಚಿನ ಮಾತಿಲ್ಲ. ಹುಡುಗಿ ಕೊಟ್ರ ಇಂಥವಗ ಕೊಡಬೇಕು ಅನಿಸ್ತು. ನೀವು ಭಾಳ ದೊಡ್ಡವರು, ಶರಣರು. ನಮ್ಮ ಹುಡುಗಿ ನಗೋ ಹುಡುಗಿ ರೀ, ನಿಮ್ಮಂಥವರ ಜೋಡಿ ಬಾಳ್ವಿ ಮಾಡೂದು ಆಕಿಗಿ ಆಗಂಗಿಲ್ಲ."

ಫೋನಿನಲ್ಲಿ ಮಾತಾಡಿದ ಮಲ್ಲಿನಾಥ ನಾನೇ ಎಂದರೆ ಆ ಹೊಗಳಿಕೆಯೂ ನನ್ನದೇ ಎಂದ ಹಾಗೆ. ಕಳ್ಳನಿಗೆ ಚೇಳು ಕಡಿದಂತಾಯಿತು. ಹೂಂ ಎಂದಷ್ಟೇ ಗೋಣು ಹಾಕಿದೆ. ಸರ್ಕಾರದ ವೇಷ ಹಾಕಿದ ಅವರ ಮೇಲೆ ಸಿಟ್ಟು ಬಂತು ನಿಜ, ಆದರೆ ಮಲ್ಲಿನಾಥನ ವೇಷ ಹಾಕಿದವನು ಯಾವ ಬಾಯಿಂದ ಬೈಯಬೇಕು? ಮನೆಗೆ ಹೋದರೆ ಆಕಳಂಥ ನನ್ನ ತಾಯಿ ಮಣ್ಣೂರಿನವರ ಏಳು ತಲೆಮಾರನ್ನೂ ಜಾಲಾಡಿದಳು.

ಮಲ್ಲಿನಾಥನಿಗೂ ಆಕೆಗೂ ಮದುವೆ ಆಯಿತು. ನಾನೇ ಮುಂದೆ ನಿಂತು ಓಡಾಡಿದೆ, ಶರಣನಲ್ಲವೇ. ಕೆಲವು ತಿಂಗಳ ಮೇಲೆ ಮಲ್ಲಿನಾಥನ ಮನೆಗೆ ಊಟಕ್ಕೆ ಹೋಗಿದ್ದಾಗ ಆಕೆ ರೊಟ್ಟಿ ಬಡಿಸುತ್ತ ಅಂದಳು:

"ಅಣ್ಣಾರ, ನಿಮ್ಮ ಗೆಳೆಯರು ಫೋನಿನ್ಯಾಗ ನಿಮ್ಮನ್ನ ಬಾಯ್ತುಂಬ ಹೊಗಳಿದ್ರಂತ. ಮನಿಯಾಗ ನನಗೊಂದು ಚಂದನ ಮಾತು ಹೇಳವಲ್ರು ನೋಡ್ರಿ."

ಮಲ್ಲಿನಾಥ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದ. ಅವನಿಗೆ ಯಾವ ಫೋನಿನ ನೆನಪೂ ಇರಲಿಲ್ಲ, ಪಾಪ, ಎಲ್ಲಿಂದ ಇರಬೇಕು. ನಾನೇ ಬಾಯಿ ಹಾಕಿದೆ. "ನಿಮ್ಮ ಎದುರಿಗಿ ಹೇಳಂಗಿಲ್ಲ ತಂಗಿ, ಆಫೀಸಿನ್ಯಾಗ ದಿನಾ ಹೇಳ್ತಾನ. ನೀವು ನಕ್ರ ಮನಿ ತುಂಬಿದಂಗ ಆಗ್ತದಂತ. ಆ ನಗು ಒಮ್ಮಿ ಕೇಳಿದವಗ ಮತ್ತ ಬ್ಯಾರೆ ಏನೂ ಕಿವಿಗಿ ಹತ್ತಂಗಿಲ್ಲಂತ."

ಮಲ್ಲಿನಾಥನ ಹೆಸರಿನಲ್ಲಿ ಮೊದಲ ಸಲ ಹೇಳಿದ್ದರಲ್ಲಿ ಒಂದೂ ನಿಜವಿರಲಿಲ್ಲ. ಈ ಸಲ, ಆ ಹೆಸರೊಂದು ಬಿಟ್ಟರೆ, ಒಂದೂ ಸುಳ್ಳಿರಲಿಲ್ಲ. ಆಕೆ ಕಿವಿಯವರೆಗೂ ಕೆಂಪಾಗಿ, ಸೆರಗು ಸರಿಮಾಡಿಕೊಂಡು, ಪ್ರೀತಿಯಿಂದ ಮಲ್ಲಿನಾಥನ ಕಡೆ ನೋಡಿದಳು.