ಗುರುಮಲ್ಲೇಶನ ಓಡಾಡುವ ಕ್ಯಾಬಿನ್

“ಗೋಡೆಗಳೇ, ಜರುಗಿ!” ಎಂದು ಗುರುಮಲ್ಲೇಶ ಗುಂಡಿ ಒತ್ತಿದ. ಮೈಸೂರಿನ ಆ ಅಗರಬತ್ತಿ ಕಂಪನಿಯ ಆಫೀಸಿನಲ್ಲಿ ಗೋಡೆಗಳು ನಿಜಕ್ಕೂ ಜರುಗಿದವು! ಮೇಜುಗಳು ಚಕ್ರದ ಮೇಲೆ ಸರಸರನೆ ಓಡಿದವು. ನಂಜುಂಡಾರಾಧ್ಯನೊಬ್ಬನನ್ನು ಬಿಟ್ಟು ಎಲ್ಲರೂ ಚಪ್ಪಾಳೆ ತಟ್ಟಿದರು.

ಅವನಿಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇಕೆ? ಗುರುಮಲ್ಲೇಶ ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಆ ಮಹಾಶಯ ತಾನೇ ಹಿಟ್ಟು ನಾದುವ ಯಂತ್ರ ಮಾಡಿದಂದಿನಿಂದ ನಂಜುಂಡಾರಾಧ್ಯ ನೆಮ್ಮದಿಯಾಗಿ ಒಂದು ಚಪಾತಿ ತಿಂದಿರಲಿಲ್ಲ. “ನನ್ನ ತಂಗಿ ಪುಣ್ಯವಂತೆ” ಎನ್ನುತ್ತಲೇ ಹೆಂಡತಿ ಸರ್ವಮಂಗಳ ಬಡಿಸುತ್ತಿದ್ದಳು. ಈಗ ಆಫೀಸಿಗೂ ಬಂದು ವಕ್ಕರಿಸಿದ್ದಾನೆ! ಅದೂ ಹಳೆಯ ಮ್ಯಾನೇಜರು ನಿವೃತ್ತರಾಗಿ, ಅವರ ಎಸಿ ಕ್ಯಾಬಿನ್ ಇನ್ನೇನು ತನಗೆ ಸಿಗಬೇಕು ಅನ್ನುವ ಹೊತ್ತಿಗೆ!

“ಅರ್ಧ ಜನ ಮನೆಯಿಂದಲೇ ಕೆಲಸ ಮಾಡ್ತಾರೆ, ಮೇಡಂ,” ಎಂದು ಗುರುಮಲ್ಲೇಶ ಮಾಲಕಿ ಕಾತ್ಯಾಯಿನಿಯವರಿಗೆ ವಿವರಿಸಿದ. “ಖಾಲಿ ಕುರ್ಚಿಗೆ ಜಾಗ ಯಾಕೆ ದಂಡ? ಈ ಯಂತ್ರ ಕಣ್ಣು ಗಮನಿಸುತ್ತೆ. ರೆಪ್ಪೆ ಬಡಿಯದೆ ಕೆಲಸ ಮಾಡೋರಿಗೆ ಹೆಚ್ಚು ಜಾಗ!”

“ಹಾಗಾದ್ರೆ ಇವತ್ತು ಅದು ಯಾರನ್ನ ಆರಿಸುತ್ತೋ ಅವರೇ ಮ್ಯಾನೇಜರು. ಕ್ಯಾಬಿನ್ನೂ ಅವರದೇ,” ಎಂದುಬಿಟ್ಟರು ಮೇಡಂ.

ನಂಜುಂಡಾರಾಧ್ಯ ಷಡ್ಡಕನನ್ನೇ ದುರುಗುಟ್ಟಿ ನೋಡಿದ. ನೋಡುತ್ತಲೇ ಇದ್ದ. ಸರ್ರ್! ಅವನ ಸುತ್ತಲಿನ ಗೋಡೆ ಮಾರುದ್ದ ಹಿಂದೆ ಸರಿಯಿತು! ಅತ್ತ ಲೆಕ್ಕದ ವಿಭಾಗದ ಚೆನ್ನಾಜಮ್ಮ ಸೀನಿ ಕಣ್ಣು ಮುಚ್ಚಿದ್ದೇ ತಡ, ಕುರ್ಚಿ ಸಮೇತ ಶೌಚಾಲಯದ ಬಾಗಿಲಿಗೆ ಹೋಗಿ ನಿಂತರು.

“ಅಯ್ಯೋ ಶಿವನೇ, ಸೀನೋದೂ ತಪ್ಪಾ!”

ಅಗರಬತ್ತಿ ಪುಡಿ ಹಾರಾಡುವ ಕಡೆ ಸೀನದವರುಂಟೆ? ಒಬ್ಬೊಬ್ಬರಾಗಿ ಎಲ್ಲರೂ ಪಡಸಾಲೆ ಸೇರಿದರು. ನಂಜುಂಡಾರಾಧ್ಯ ಮಾತ್ರ ಮೈದಾನದಂಥ ಜಾಗದಲ್ಲಿ ಕೂತು ಷಡ್ಡಕನನ್ನು ನುಂಗುವಂತೆ ನೋಡುತ್ತಿದ್ದ.

“ಅಣ್ಣಾ, ಹಾಗೆ ನೋಡ್ಬೇಡಿ! ಯಂತ್ರಕ್ಕೆ ದೃಷ್ಟಿಯಾಗುತ್ತೆ!”

“ನನ್ನ ಕಣ್ಣು, ನಾನು ನೋಡ್ತೀನಿ. ನಿನಗೇನಯ್ಯಾ?”

ಗುರುಮಲ್ಲೇಶ ಬೀದಿಗೆ ಓಡಿ, ರಾಕ್ಷಸನ ಮುಖ ಬರೆದ ಬೂದುಗುಂಬಳಕಾಯಿ ತಂದು ಆಫೀಸಿನ ನಡುವೆ ತೂಗುಹಾಕಿದ. ದೃಷ್ಟಿ ತಾಗದಿರಲಿ ಅಂತ! ಸಾಸರಿನಷ್ಟು ದೊಡ್ಡ ಕಣ್ಣುಗಳು, ರೆಪ್ಪೆಯೇ ಇಲ್ಲ.

ಯಂತ್ರ ಒಮ್ಮೆ ಗುಂಯ್‌ಗುಟ್ಟಿತು. ಮರುಕ್ಷಣ ಕ್ಯಾಬಿನ್ ಉರುಳುತ್ತಾ ಬಂದು, ಕುಂಬಳಕಾಯಿಯನ್ನು ಒಳಗೆ ಸೇರಿಸಿಕೊಂಡು, ಮರ್ಯಾದೆಯಿಂದ ಬಾಗಿಲು ಹಾಕಿಕೊಂಡಿತು!

“ಇದು ಮೋಸ!” ನಂಜುಂಡಾರಾಧ್ಯ ಗಾಜಿಗೆ ಮೂಗೊತ್ತಿ ಕುಂಬಳಕಾಯಿಯ ಜೊತೆಗೇ ಪಂದ್ಯಕ್ಕೆ ನಿಂತ. ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದ. ಕಣ್ಣಲ್ಲಿ ನೀರು ಧಾರಾಕಾರ. ಕೊನೆಗೂ ರೆಪ್ಪೆ ಬಡಿಯಿತು. ಗೋಡೆ ಅವನನ್ನು ತಳ್ಳಿಕೊಂಡು ಹೋಗಿ ಪಡಸಾಲೆಯ ಬೆಂಚಿನ ಮೇಲೆ ಕೂರಿಸಿತು. ಯಂತ್ರ ನಿಲ್ಲಿಸಲು ಓಡಿದ ಗುರುಮಲ್ಲೇಶನೂ ಗಾಬರಿಯಲ್ಲಿ ಕಣ್ಣು ಪಿಳಿಪಿಳಿ ಮಾಡಿ ಅದೇ ಬೆಂಚಿಗೆ ಬಂದು ಬಿದ್ದ.

“ಕೊಟ್ಟ ಮಾತು ಕೊಟ್ಟಿದ್ದೇ,” ಎಂದರು ಮೇಡಂ, ಗಾಜಿನೊಳಗೆ ಇಣುಕಿ. “ರಜೆ ಕೇಳಲ್ಲ, ಹರಟೆ ಹೊಡೆಯಲ್ಲ. ಹಿಂದಿನ ಮ್ಯಾನೇಜರಿಗಿಂತ ವಾಸಿ.”

ಸ್ವಲ್ಪ ಹೊತ್ತಿಗೆ ಅಟೆಂಡರ್ ಪುಟ್ಟಮಾದ ಕ್ಯಾಬಿನ್ನಿನಿಂದ ಹೊರಗೆ ಬಂದ.

“ಎಸಿ ಜೋರಾಗಿ ಇಟ್ಟು ಬಂದೆ ಸಾರ್. ಸೆಕೆಗೆ ಮ್ಯಾನೇಜರು ಕೊಳೆತುಹೋಗ್ತಾರಂತೆ.”

ನಂಜುಂಡಾರಾಧ್ಯ ಬೆವರು ಒರೆಸಿಕೊಂಡು, ಷಡ್ಡಕನಿಗೆ ಮೊದಲ ಸಲ ಪ್ರೀತಿಯಿಂದ ಜಾಗ ಬಿಟ್ಟು ಕೂತ. ಅವನ ಮೇಲೆ ಈಗ ಎಳ್ಳಷ್ಟೂ ಹೊಟ್ಟೆಕಿಚ್ಚಿರಲಿಲ್ಲ. ಇದ್ದದ್ದೆಲ್ಲ ಕುಂಬಳಕಾಯಿಗೇ ಸಾಲದಾಗಿತ್ತು.