ಮಾವನವರ ಮಂತ್ರಿಮಂಡಲ

ರಾಜಕೀಯದಲ್ಲಿ ನಾನು ಪೂರಾ ದಡ್ಡಿ. ಅಮೆರಿಕದ ಗೈದರ್ಸ್‌ಬರ್ಗ್‌ನಲ್ಲಿ ಹದಿನಾಲ್ಕು ವರ್ಷ ಸಂಸಾರ ಮಾಡಿದರೂ ನಮ್ಮ ಊರಿನ ಮೇಯರ್ ಯಾರೆಂದು ಕೇಳಿದರೆ ಫೋನ್ ನೋಡಬೇಕು. ಅಂಥ ನನಗೆ ಈಗ ಬ್ರಿಟಿಷ್ ಮಂತ್ರಿಗಳೆಲ್ಲ ಬಾಯಿಪಾಠ. ಕಾರಣ, ನಮ್ಮ ಮಾವನವರು.

ಅವರು ಮೈಸೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಇತಿಹಾಸ ಹೇಳಿದ ಮೇಷ್ಟ್ರು. ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆಗಿದ್ದಾರೆ. ಮರೆವು ಶುರುವಾದಾಗ ಡಾಕ್ಟರು, ದಿನಾ ಏನಾದರೂ ಕೇಳಿ ತಪ್ಪುಗಳನ್ನು ಬರೆದಿಡಿ, ನೀವಿಬ್ಬರೂ ಆಫೀಸಿಗೆ ಹೋದಾಗ ಅವರನ್ನು ಒಬ್ಬರನ್ನೇ ಬಿಡಬಹುದೋ ಇಲ್ಲವೋ ನೋಡೋಣ ಎಂದರು. ಮೊಮ್ಮಗಳ ಹೆಸರು ಕೇಳಿದೆ. ಮಾವನವರಿಗೆ ಸಿಟ್ಟು ನೆತ್ತಿಗೇರಿತು. "ನನ್ನೇನು ಶಿಶುವಿಹಾರಕ್ಕೆ ಸೇರಿಸಿದ್ದೀಯೇನಮ್ಮ? ಬ್ರಿಟಿಷ್ ಕ್ಯಾಬಿನೆಟ್ ಕೇಳು!" ಸರಿ, ನಾನೊಂದು ಪಟ್ಟಿ ಪ್ರಿಂಟ್ ತೆಗೆದೆ. ಬೆಳಗಿನ ಕಾಫಿಗೆ ಅವರು ಹೇಳುವುದು, ನಾನು ಟಿಕ್ ಹಾಕುವುದು.

೨೦೨೨ರ ಆ ಬೇಸಿಗೆಯಲ್ಲಿ ಆ ಬ್ರಿಟಿಷ್ ಮಂತ್ರಿಗಳಿಗೆ ಏನು ಬಡಿದಿತ್ತೋ! ಇವತ್ತು ಇಬ್ಬರ ರಾಜೀನಾಮೆ, ನಾಳೆ ಹತ್ತು ಜನರದು. ನ್ಯೂಸ್ ನೋಡುವ ಪೈಕಿ ನಾನಲ್ಲ. ಮಾವನವರು ಹೊಸ ಹೆಸರು ಹೇಳಿದಾಗೆಲ್ಲ ಇಂಟು ಮಾರ್ಕು ಎಳೆದೆ. "ಅಲ್ಲಮ್ಮ, ನಿನ್ನೆ ರೇಡಿಯೋದಲ್ಲಿ..." ಎಂದರೆ, "ಇಲ್ಲ ಮಾವ, ನಿಮಗೆ ಮರೆತುಹೋಗಿದೆ" ಎನ್ನುತ್ತಿದ್ದೆ, ದೊಡ್ಡ ಹೆಡ್‌ಮಿಸ್ ಥರ. ಒಂದು ವಾರ ಹೀಗೇ ಆಯಿತು. ಮೇಷ್ಟ್ರ ದನಿ ಸಣ್ಣಗಾಯಿತು. "ನೀನೇ ಸರಿ ಇರಬೇಕು ಬಿಡು" ಎಂದು ಲೋಟ ಕೆಳಗಿಟ್ಟರು.

ಡಾಕ್ಟರ ಬಳಿ ಹೊರಟ ದಿನ ಮಗಳು ನನ್ನ ಹಾಳೆ ನೋಡಿ, "ಅಮ್ಮಾ, ದಿಸ್ ಲಿಸ್ಟ್ ಈಸ್ ಸೋ ಓಲ್ಡ್! ತಾತ ಹೇಳಿದ್ದು ಕರೆಕ್ಟ್" ಎಂದಳು. ಮಾವನವರ ಕೈ ಹಿಡಿದು ತಪ್ಪಾಯಿತು ಎಂದೆ. "ಹೋಗ್ಲಿ ಬಿಡಮ್ಮ" ಎಂದರು. ಆಮೇಲೆ ಮಾತ್ರ ಅವರು ಯಾವ ಹೆಸರನ್ನೂ ಧೈರ್ಯವಾಗಿ ಹೇಳಲಿಲ್ಲ. ಮರೆವು ಹೇಗೂ ಹೆಚ್ಚುತ್ತಿತ್ತು, ನಿಮ್ಮ ತಪ್ಪಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನನಗೆ ಸಮಾಧಾನವಿಲ್ಲ. ಇನ್ನು ಅವರನ್ನು ಒಬ್ಬರನ್ನೇ ಬಿಡಬೇಡಿ ಎಂದೂ ಹೇಳಿದ್ದಾರೆ.

ಈಗ ಕಾಫಿ ಹೊತ್ತಿಗೆ ನಾನೇ ಮಂತ್ರಿಗಳನ್ನು ಒಪ್ಪಿಸುತ್ತೇನೆ, ಅವರು ತಲೆಯಾಡಿಸುತ್ತಾರೆ. ಮೊನ್ನೆ ಎಲ್ಲ ಕೇಳಿಸಿಕೊಂಡು, ಹೊಸಬರನ್ನು ಮಾತಾಡಿಸುವಷ್ಟು ವಿನಯದಿಂದ, "ತಮ್ಮದು ಯಾವ ಖಾತೆ?" ಎಂದರು.

"ಅಡುಗೆ ಖಾತೆ" ಎಂದೆ.

"ನೀವಾದ್ರೂ ರಾಜೀನಾಮೆ ಕೊಡಬೇಡಿ. ಎಲ್ಲಾ ಹೊರಟುಹೋಗ್ತಿದ್ದಾರೆ."

"ಇಲ್ಲ, ಕೊಡಲ್ಲ" ಎಂದೆ. ಹಿಂದಿನ ವಾರವಷ್ಟೇ ಆಫೀಸಿಗೆ ಒಂದು ಕೊಟ್ಟು ಬಂದಿದ್ದನ್ನು ಹೇಳಲಿಲ್ಲ.